ಮಂತ್ರಕ್ಕೆ ಮುನ್ನ ಮದ್ದು

ಜೈನ ಮನೆಗಳಲ್ಲಿ ಮಕ್ಕಳಿಗೆ ಹೇಳುವ ಕಥೆಗಳಲ್ಲಿ ಜೀವಂಧರ ಕುಮಾರನ ಕಥೆಗೆ ವಿಶೇಷ ಸ್ಥಾನವಿದೆ. ವಾದೀಭಸಿಂಹ ಸೂರಿಯು ಇದನ್ನು ಸಂಸ್ಕೃತದಲ್ಲಿ ‘ಕ್ಷತ್ರಚೂಡಾಮಣಿ’ ಎಂಬ ಹೆಸರಿನಿಂದ ಬರೆದನು. ಕನ್ನಡದಲ್ಲಿ ಭಾಸ್ಕರ ಕವಿಯು 1424ರಲ್ಲಿ ‘ಜೀವಂಧರ ಚರಿತೆ’ಯನ್ನು ಭಾಮಿನಿ ಷಟ್ಪದಿಯಲ್ಲಿ ರಚಿಸಿದನು. ಯಜ್ಞಕ್ಕೆಂದು ಇರಿಸಿದ್ದ ಅನ್ನವನ್ನು ಮುಟ್ಟಿತೆಂದು ಪೆಟ್ಟು ತಿಂದ ನಾಯಿಯೊಂದು ದಾರಿಯಲ್ಲಿ ಪ್ರಾಣ ಬಿಡುತ್ತಿರುತ್ತದೆ. ಕುಮಾರನು ಅದರ ಕಿವಿಯಲ್ಲಿ ಪಂಚನಮಸ್ಕಾರ ಮಂತ್ರವನ್ನು ಉಸುರುತ್ತಾನೆ. ಶಾಂತಭಾವದಿಂದ ದೇಹ ಬಿಟ್ಟ ಆ ಜೀವವು ಯಕ್ಷನಾಗಿ ಹುಟ್ಟಿ, ಮುಂದೆ ಕುಮಾರನ ಸಂಕಟಕಾಲದಲ್ಲಿ ಓಡಿಬಂದು ನೆರವಾಗುತ್ತದೆ.

ಈ ಕಥೆಯನ್ನು ನಾವು ಸಾಮಾನ್ಯವಾಗಿ ಮಂತ್ರದ ಮಹಿಮೆಗಾಗಿ ಹೇಳುತ್ತೇವೆ. ಅದು ಸರಿಯೇ. ಆದರೆ ಕುಮಾರನು ಮಂತ್ರ ಹೇಳಿದ್ದು ಆ ನಾಯಿಯ ಪ್ರಾಣ ಉಳಿಯುವಂತಿಲ್ಲ ಎಂಬ ಗಳಿಗೆಯಲ್ಲಿ ಎಂಬುದನ್ನು ಮರೆಯಬಾರದು. ಪ್ರಾಣ ಉಳಿಯುವ ಸಾಧ್ಯತೆ ಇನ್ನೂ ಇರುವಾಗ ಶ್ರಾವಕನು ಮಾಡಬೇಕಾದುದೇನು? ವೈದ್ಯರು ಐವತ್ತು ಹರದಾರಿಯಂತೆ ದೂರವಾಗಿ ತೋರುವ ನಮ್ಮ ಹಳ್ಳಿಗಳಲ್ಲಿ ಈ ಪ್ರಶ್ನೆ ಬರಿಯ ತತ್ತ್ವಚರ್ಚೆಯಲ್ಲ. ಯಾವುದೋ ಒಂದು ರಾತ್ರಿ ಯಾರದೋ ಅಂಗಳದಲ್ಲಿ ಅದು ಎದುರಾಗುತ್ತಲೇ ಇರುತ್ತದೆ.

ನಾಯಿಯೆಂದರೆ ಯಾವ ಜೀವ?

ಜೈನ ದರ್ಶನವು ಜೀವಗಳನ್ನು ಇಂದ್ರಿಯಗಳ ಲೆಕ್ಕದಲ್ಲಿ ವಿಂಗಡಿಸುತ್ತದೆ. ಗಿಡಮರಗಳಿಗೆ ಒಂದು ಇಂದ್ರಿಯ, ಹುಳುಗಳಿಗೆ ಎರಡು, ಇರುವೆಗೆ ಮೂರು, ದುಂಬಿಗೆ ನಾಲ್ಕು. ನಾಯಿಯು ಐದೂ ಇಂದ್ರಿಯಗಳುಳ್ಳ, ಅದರ ಮೇಲೆ ಮನಸ್ಸೂ ಉಳ್ಳ ಸಂಜ್ಞಿ ಪಂಚೇಂದ್ರಿಯ ತಿರ್ಯಂಚ. ಅಂದರೆ ಹಿತಾಹಿತಗಳನ್ನು ಅರಿಯಬಲ್ಲ, ಕಲಿಸಿದ್ದನ್ನು ಕಲಿಯಬಲ್ಲ, ನೋವನ್ನು ನಮ್ಮಂತೆಯೇ ಅನುಭವಿಸಬಲ್ಲ ಜೀವ. ಇಂಥ ತಿರ್ಯಂಚ ಜೀವಕ್ಕೆ ಸಮ್ಯಕ್ತ್ವ ಲಭಿಸಬಹುದು, ಅದು ಐದನೆಯ ಗುಣಸ್ಥಾನದವರೆಗೂ ಏರಬಹುದು ಎಂದು ಆಗಮ ಹೇಳುತ್ತದೆ. ಅಣುವ್ರತಗಳನ್ನು ಪಾಲಿಸುವ ಗೃಹಸ್ಥನಿರುವುದೂ ಅದೇ ಐದನೆಯ ಮೆಟ್ಟಿಲಿನಲ್ಲಿ. ತೀರ್ಥಂಕರರ ಸಮವಸರಣದ ಹನ್ನೆರಡು ಕೋಷ್ಠಗಳಲ್ಲಿ ಒಂದು ಪ್ರಾಣಿಗಳಿಗೇ ಮೀಸಲು. ಧರ್ಮದಿಂದ ನಾಯಿ ದೇವನಾಗುತ್ತದೆ, ಪಾಪದಿಂದ ದೇವನೂ ನಾಯಿಯಾಗುತ್ತಾನೆ ಎಂಬ ಅರ್ಥದ ಮಾತನ್ನು ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಹೇಳಿದ್ದಾರೆ. ‘ನಾಯಿ’ ಎಂಬುದನ್ನು ಬೈಗುಳವಾಗಿ ಬಳಸುವ ನಾವು ಈ ಮಾತನ್ನು ಆಗಾಗ ನೆನೆಯಬೇಕು.

ನಮ್ಮ ಊರುಗಳ ಸ್ಥಿತಿ

ಗೊಳಸಂಗಿಯು ವಿಜಯಪುರದಿಂದ ನಿಡಗುಂದಿಯ ಕಡೆಗೆ ಹೋಗುವ ಹೆದ್ದಾರಿಯ ದಾರಿಯಲ್ಲಿರುವ ಊರು. ಜೋಳ, ತೊಗರಿ, ಕಡಲೆಯ ಸೀಮೆ. ಇಲ್ಲಿ ನಾಯಿಯೆಂದರೆ ಪಟ್ಟಣದವರ ಮನೆಯ ಮುದ್ದಿನ ಪ್ರಾಣಿಯಲ್ಲ. ಅದು ಹೊಲ ಕಾಯುತ್ತದೆ, ರಾಶಿಯ ಕಣ ಕಾಯುತ್ತದೆ, ಕುರಿಹಟ್ಟಿಯ ಸುತ್ತ ರಾತ್ರಿಯಿಡೀ ಎಚ್ಚರವಾಗಿರುತ್ತದೆ, ಓಣಿಯಲ್ಲಿ ಎಲ್ಲರ ಮನೆಯ ರೊಟ್ಟಿ ತಿಂದು ಎಲ್ಲರ ಮನೆಯನ್ನೂ ಕಾಯುತ್ತದೆ. ಆಪತ್ತುಗಳೂ ಹಾಗೆಯೇ ಬರುತ್ತವೆ. ಹೆದ್ದಾರಿಯ ವಾಹನ, ಹೊಲದ ಹಾವು, ತೊಗರಿಗೆ ಹೊಡೆಯುವ ಕ್ರಿಮಿನಾಶಕ, ಇಲಿಪಾಷಾಣ, ಬೇಸಗೆಯ ಬಿಸಿಲು, ಮರಿಗಳನ್ನು ರಕ್ತಭೇದಿಯಿಂದ ಎರಡು ಮೂರು ದಿನಗಳಲ್ಲಿ ಮುಗಿಸಿಬಿಡುವ ಪಾರ್ವೋ ರೋಗ.

ನಮ್ಮ ಭಾಗದ ಪಶುಚಿಕಿತ್ಸಾ ವ್ಯವಸ್ಥೆ ಬೆಳೆದುಬಂದದ್ದು ದನ, ಎಮ್ಮೆ, ಕುರಿ, ಮೇಕೆಗಳಿಗಾಗಿ. ಕಾಲುಬಾಯಿ ಬೇನೆ, ಚಪ್ಪೆ ರೋಗ, ಗಂಟಲು ಬೇನೆಗಳಿಗೆ ಲಸಿಕೆ ಹಾಕುವುದು, ಕೃತಕ ಗರ್ಭಧಾರಣೆ ಮಾಡುವುದು, ಹೆರಿಗೆ ಕಷ್ಟವಾದ ಹಸುವಿನ ಬಳಿಗೆ ಧಾವಿಸುವುದು ಅದರ ಮುಖ್ಯ ಕೆಲಸ. ರೈತನ ಜೀವನಾಧಾರವನ್ನು ಉಳಿಸುವ ಆ ಕೆಲಸದ ಬೆಲೆ ದೊಡ್ಡದು. ಒಬ್ಬ ವೈದ್ಯರಿಗೆ ಹಲವು ಹಳ್ಳಿಗಳು, ಹಗಲೆಲ್ಲ ತಿರುಗಾಟ. ನಾಯಿಗೆ ಬೇಕಾದ ಔಷಧ, ರಕ್ತಪರೀಕ್ಷೆ, ರಾತ್ರಿಯಿಡೀ ಸಲೈನ್ ಹಾಕಿ ನೋಡಿಕೊಳ್ಳುವ ಅನುಕೂಲ ಇವೆಲ್ಲ ಜಿಲ್ಲಾ ಕೇಂದ್ರದಂಥ ದೊಡ್ಡ ಊರುಗಳ ಮಾತು. ನೆರೆಯ ಬಾಗಲಕೋಟೆ ಜಿಲ್ಲೆಯ ಮುಧೋಳ ತಳಿಯ ನಾಯಿಗೆ 2005ರಲ್ಲಿ ಅಂಚೆ ಚೀಟಿಯ ಗೌರವ ಸಂದಿದೆ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಡಿಯಲ್ಲಿ ತಿಮ್ಮಾಪುರದಲ್ಲಿ ಅದಕ್ಕಾಗಿಯೇ ಸಂಶೋಧನಾ ಕೇಂದ್ರವೂ ಇದೆ. ಕೀರ್ತಿಯಿಲ್ಲದ ಓಣಿಯ ನಾಯಿಗೆ ನಡುರಾತ್ರಿ ಬೇನೆ ಬಂದರೆ ಎಲ್ಲಿಗೆ ಒಯ್ಯಬೇಕೆಂಬುದು ಮಾತ್ರ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ.

ಎರಡು ವರ್ಷಗಳ ಹಿಂದೆ ತೊಗರಿ ಹೂಬಿಡುವ ಕಾಲದಲ್ಲಿ ನಮ್ಮ ಓಣಿಯ ಕುರಿಗಾರರೊಬ್ಬರ ನಾಯಿ ಹೊಲದಿಂದ ತೂರಾಡುತ್ತ ಬಂದಿತು. ಔಷಧಿ ಕಲಸಿದ್ದ ಬಕೆಟ್ಟಿನ ನೀರನ್ನು ಕುಡಿದಿತ್ತೆಂದು ಆಮೇಲೆ ತಿಳಿಯಿತು. ಬಾಯಿಂದ ಜೊಲ್ಲು, ಮೈಯೆಲ್ಲ ನಡುಕ. ಕುರಿಗಾರರು ನಮ್ಮ ಬಾಗಿಲಿಗೆ ಬಂದು, “ಮಾಸ್ತರ್ರ, ದನದ ಡಾಕ್ಟರ್ ನಂಬರ್ ಐತೇನ್ರಿ?” ಎಂದರು. ಆಗ ರಾತ್ರಿ ಎಂಟು ಗಂಟೆ. ಇದ್ದ ಒಂದು ಸಂಖ್ಯೆ ವರ್ಗವಾಗಿ ಹೋದ ವೈದ್ಯರದು. ಅವರು ಕೊಟ್ಟ ಇನ್ನೊಂದು ಸಂಖ್ಯೆಯ ವೈದ್ಯರು ಪರವೂರಿನಲ್ಲಿದ್ದರು. ಆದರೂ ಅವರು ಸಿಡಿಮಿಡಿಗೊಳ್ಳದೆ ಲಕ್ಷಣಗಳನ್ನೆಲ್ಲ ಕೇಳಿ, ಮೈಗೆ ತಗುಲಿದ ಔಷಧಿಯನ್ನು ತೊಳೆಯಿರಿ, ಬಾಯಿಗೆ ಏನನ್ನೂ ಹಾಕಬೇಡಿ, ತಡಮಾಡದೆ ವಿಜಯಪುರಕ್ಕೆ ಒಯ್ಯಿರಿ ಎಂದರು. ಆಮೇಲೆ ಗಾಡಿಯ ಹುಡುಕಾಟ. ಕಚ್ಚೀತೆಂಬ ಅಂಜಿಕೆಯಿಂದ ಇಬ್ಬರು ಬರಲೊಲ್ಲೆನೆಂದರು, ಮೂರನೆಯವರು ಒಪ್ಪಿದರು. ಮನಗೂಳಿ ದಾಟಿದ ಮೇಲೆ ನಾಯಿಯ ಉಸಿರು ಕಟ್ಟತೊಡಗಿತು. ಕುರಿಗಾರರು ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, “ನಿಮ್ಮ ಮಂತ್ರ ಹೇಳ್ರಿ ಮಾಸ್ತರ್ರ” ಎಂದರು. ನಾನು ಣಮೋಕಾರ ಹೇಳಿದೆ. ನಗರ ಕಾಣುವ ಮೊದಲೇ ಅದು ಹೋಯಿತು. ಆಗ ಹನ್ನೊಂದು ಗಂಟೆ ಆಗಿತ್ತು.

ಆ ಮೂರು ತಾಸುಗಳನ್ನು ಎಣಿಸಿ ನೋಡಿದರೆ, ಒಂದು ತಾಸು ಸರಿಯಾದ ಸಂಖ್ಯೆ ಹುಡುಕಲು, ಇನ್ನೊಂದು ಗಾಡಿ ಹುಡುಕಲು ಹೋಯಿತು. ಕೊನೆಯ ಒಂದೇ ತಾಸು ದಾರಿಗೆ ಸಂದಿತು. ತೊಗರಿಗೆ ಹೊಡೆಯುವ ಅನೇಕ ಕ್ರಿಮಿನಾಶಕಗಳ ವಿಷಕ್ಕೆ ಅಟ್ರೋಪಿನ್ ಎಂಬ ಸಾಮಾನ್ಯ ಚುಚ್ಚುಮದ್ದು ಪ್ರತಿವಿಷವಾಗಿ ಕೆಲಸ ಮಾಡುತ್ತದೆ. ಅದು ಸಮಯಕ್ಕೆ ಸಿಕ್ಕಿದ್ದರೆ ನಾಯಿ ಖಂಡಿತ ಉಳಿಯುತ್ತಿತ್ತೆಂದು ಹೇಳಲಾಗದು; ಉಳಿಯುವ ಅವಕಾಶವಾದರೂ ಇರುತ್ತಿತ್ತು.

ಪ್ರಮಾದವೇ ಹಿಂಸೆಯ ಬೇರು

ಉಮಾಸ್ವಾಮಿ ಆಚಾರ್ಯರು ‘ತತ್ತ್ವಾರ್ಥ ಸೂತ್ರ’ದ ಏಳನೆಯ ಅಧ್ಯಾಯದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ, ಪ್ರಾಣಹಾನಿಯನ್ನಷ್ಟೇ ಹೇಳಿ ಸುಮ್ಮನಾಗಲಿಲ್ಲ. ಪ್ರಮಾದದಿಂದ ಕೂಡಿದ ಮನ, ವಚನ, ಕಾಯಗಳ ಪ್ರವೃತ್ತಿಯಿಂದ ಆಗುವ ಪ್ರಾಣಹಾನಿಯೇ ಹಿಂಸೆ ಎಂದರು. ಪ್ರಮಾದವೆಂದರೆ ಎಚ್ಚರಗೇಡಿತನ. ಮುನಿಗಳು ನಡೆಯುವ ಮುನ್ನ ನಾಲ್ಕು ಮೊಳ ನೆಲವನ್ನು ನೋಡಿಕೊಂಡು ಹೆಜ್ಜೆಯಿಡುವುದು ಈ ಪ್ರಮಾದವನ್ನು ಗೆಲ್ಲಲಿಕ್ಕಾಗಿ. ಹೆಜ್ಜೆ ಇಟ್ಟ ಮೇಲೆ ನೆಲ ನೋಡುವುದರಿಂದ ಪ್ರಯೋಜನವಿಲ್ಲ.

ಅದೇ ಗ್ರಂಥದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ: ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಮಿತಿಮೀರಿದ ಹೊರೆ ಹೇರುವುದು, ಅನ್ನನೀರನ್ನು ತಡೆಯುವುದು. ಇವು ಐದೂ ಮುಖ್ಯವಾಗಿ ಗೃಹಸ್ಥನ ಆಶ್ರಯದಲ್ಲಿರುವ ಜೀವಗಳ ವಿಷಯದಲ್ಲಿ ಆಗುವ ದೋಷಗಳು. ನಮ್ಮನ್ನು ನಂಬಿರುವ ಪ್ರಾಣಿಗೆ ಅನ್ನನೀರು ತಪ್ಪಿಸುವುದು ವ್ರತಕ್ಕೆ ಕಳಂಕವೆಂದ ಮೇಲೆ, ಬೇನೆ ಬಂದಾಗ ಔಷಧ ಸಿಗುವ ದಾರಿಯನ್ನೇ ತಿಳಿದಿರದಿರುವುದನ್ನು ಏನೆನ್ನಬೇಕು? ಶ್ರಾವಕನ ಎಚ್ಚರವು ಅಲ್ಲಿಯವರೆಗೂ ಚಾಚಬೇಕೆಂಬುದು ನನ್ನ ಗ್ರಹಿಕೆ. ದಯೆ ಎದೆಯಲ್ಲಿ ಹುಟ್ಟುವುದು ರಾತ್ರಿ ಎಂಟಕ್ಕಾದರೆ, ಅದಕ್ಕೆ ಬೇಕಾದ ಸಿದ್ಧತೆ ಹಗಲಿನಲ್ಲೇ ಆಗಿರಬೇಕು.

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳನ್ನು ನಾವೆಲ್ಲ ಬಲ್ಲೆವು. ಸಮಂತಭದ್ರರು ಔಷಧದಾನಕ್ಕೆ ವೃಷಭಸೇನೆಯನ್ನು ದೃಷ್ಟಾಂತವಾಗಿ ಹೆಸರಿಸಿದರು. ಆಶ್ರಯ ಕೊಟ್ಟು ಕಾಯುವ ದಾನಕ್ಕೆ ಅವರು ಹೆಸರಿಸಿದ್ದು ಒಂದು ಹಂದಿಯನ್ನು! ಮುನಿಯ ರಕ್ಷಣೆಗಾಗಿ ಹುಲಿಯೊಡನೆ ಹೋರಾಡಿದ ಹಂದಿ ಅದು. ಈ ದಾನಗಳು ಸತ್ಪಾತ್ರರಿಗೆ ಸಲ್ಲತಕ್ಕವು, ಪ್ರಾಣಿಗಳಿಗಲ್ಲವಲ್ಲ ಎಂದು ಕೆಲವರು ಕೇಳಬಹುದು. ಅದಕ್ಕೆ ಉತ್ತರವನ್ನು ನಮ್ಮ ನಾಡಿನವರೇ ಆದ ಜಿನಸೇನಾಚಾರ್ಯರು, ರಾಷ್ಟ್ರಕೂಟ ಅಮೋಘವರ್ಷನ ಗುರುಗಳು, ಕೊಟ್ಟಿದ್ದಾರೆ. ಅವರು ಪಾತ್ರದತ್ತಿಯ ಜೊತೆಗೆ ದಯಾದತ್ತಿಯನ್ನೂ ಹೇಳಿದರು. ಸಂಕಟದಲ್ಲಿರುವ ಜೀವರಾಶಿಯ ಭಯವನ್ನು ಕರುಣೆಯಿಂದ ನೀಗಿಸುವುದೇ ದಯಾದತ್ತಿ. ಅಲ್ಲಿ ಪಾತ್ರದ ಅರ್ಹತೆಯನ್ನು ಅಳೆಯುವ ಮಾತಿಲ್ಲ.

ದಯೆಗೆ ಒಂದು ಮನೆ ಬೇಕು

ಹಿಂದಿನವರು ದಯೆಯನ್ನು ಸಂಸ್ಥೆಯ ರೂಪದಲ್ಲಿ ನಿಲ್ಲಿಸಿದ್ದರು. 1832ರಲ್ಲಿ ಮುಂಬಯಿಯಲ್ಲಿ ಬೀದಿನಾಯಿಗಳನ್ನು ಕೊಲ್ಲುವ ಸರಕಾರಿ ಆಜ್ಞೆಯ ವಿರುದ್ಧ ಪಾರ್ಸಿಗಳು ಮೊದಲಾಗಿ ಜನ ಸಿಡಿದೆದ್ದರು, ಅಂಗಡಿಮುಂಗಟ್ಟುಗಳು ಮುಚ್ಚಿದವು. ಎರಡೇ ವರ್ಷಗಳಲ್ಲಿ, 1834ರಲ್ಲಿ, ಪಾರ್ಸಿ ವರ್ತಕ ಜಮ್ಶೆಟ್‌ಜಿ ಜೀಜೀಭಾಯಿ ಮೊದಲಾದವರ ಮುಂದಾಳುತನದಲ್ಲಿ, ಜೈನ ವರ್ತಕರ ಕೈಯೂ ಸೇರಿ ಮುಂಬಯಿ ಪಾಂಜರಾಪೋಳ ಸ್ಥಾಪನೆಯಾಯಿತು. ಕೂಗಿಗೆ ಬೆಂಬಲವಾಗಿ ಅವರು ಜಾಗ, ಮೇವು, ಆರೈಕೆಗಳನ್ನು ಒದಗಿಸಿದರು. ದೆಹಲಿಯ ಚಾಂದನಿ ಚೌಕದ ದಿಗಂಬರ ಜೈನ ಲಾಲ್ ಮಂದಿರದ ಆವರಣದಲ್ಲಿರುವ ಪಕ್ಷಿಗಳ ಆಸ್ಪತ್ರೆಯೂ ಇದೇ ಪರಂಪರೆಯದು.

1926ರಲ್ಲಿ ಅಹಮದಾಬಾದಿನ ಗಿರಣಿ ಮಾಲೀಕರೊಬ್ಬರು ಅರವತ್ತು ನಾಯಿಗಳನ್ನು ಹುಚ್ಚಿನ ಭಯದಿಂದ ಕೊಲ್ಲಿಸಿದಾಗ ದೊಡ್ಡ ವಿವಾದವೆದ್ದಿತು. ಗಾಂಧೀಜಿ ‘ಯಂಗ್ ಇಂಡಿಯಾ’ದಲ್ಲಿ ಸರಣಿಯಾಗಿ ಬರೆದರು. ಕೊಂದದ್ದನ್ನು ಅವರು ಅನಿವಾರ್ಯವೆಂದು ಸಮರ್ಥಿಸಿದ್ದನ್ನು ಅನೇಕ ಜೈನರು ಒಪ್ಪಲಿಲ್ಲ. ಇಂದಿಗೂ ಒಪ್ಪುವುದು ಕಷ್ಟ. ಆದರೆ ಅವರು ಎತ್ತಿದ ಇನ್ನೊಂದು ಆಕ್ಷೇಪವನ್ನು ನಾವು ತಳ್ಳಿಹಾಕಲಾಗದು. ಬೀದಿನಾಯಿಗೆ ತುತ್ತು ಎಸೆದು ಪುಣ್ಯ ಬಂತೆಂದು ತಿರುಗಿ ಹೋಗುವುದು ದಯೆಯಲ್ಲ, ಅದರ ಪಾಲನೆಯ ಹೊಣೆಯನ್ನು ಸಮಾಜ ಹೊರಬೇಕು ಎಂಬುದು ಅದರ ತಾತ್ಪರ್ಯ. ತುತ್ತು ಹಾಕುವುದು ಬೇಡವೆಂದಲ್ಲ. ದಿನವೂ ರೊಟ್ಟಿ ಹಾಕುವ ಕೈಗೆ, ಆ ನಾಯಿ ನೆಲ ಹಿಡಿದ ದಿನ ಯಾರನ್ನು ಕರೆಯಬೇಕೆಂಬುದೂ ತಿಳಿದಿರಬೇಕು.

ಶ್ರಾವಕರು ಕೇಳುವ ಎರಡು ಪ್ರಶ್ನೆಗಳು

ಸ್ವಾಧ್ಯಾಯದ ಕೂಟಗಳಲ್ಲಿ ಎರಡು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ನಾಯಿಯ ಹೊಟ್ಟೆಯ ಜಂತಿಗೆ, ಮೈಯ ಉಣ್ಣೆಗೆ ಔಷಧ ಹಾಕಿದರೆ ಆ ಜೀವಗಳ ಹಿಂಸೆಯಲ್ಲವೇ ಎಂಬುದು ಮೊದಲನೆಯದು. ಹಿಂಸೆಯೇ. ಅದನ್ನು ಅಲ್ಲಗಳೆಯಬಾರದು. ಆದರೆ ಶಾಸ್ತ್ರವು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ಹೇಳಿ, ಗೃಹಸ್ಥನು ಪೂರ್ತಿಯಾಗಿ ಬಿಡಬೇಕಾದುದು ಸಂಕಲ್ಪೀ ಹಿಂಸೆಯನ್ನು ಎಂದಿದೆ. ರೋಗಿಯನ್ನು ಉಳಿಸುವ ಭಾವದಿಂದ ನಡೆಯುವ ಚಿಕಿತ್ಸೆಯಲ್ಲಿ ಕೊಲ್ಲುವ ಸಂಕಲ್ಪವಿಲ್ಲ. ವಿವೇಕಿಯಾದವನು ಮಲಗುವ ಜಾಗ ಒಣಗಿರುವಂತೆ, ಮೈ ಶುಚಿಯಾಗಿರುವಂತೆ ನೋಡಿಕೊಂಡು ಆ ಜೀವಗಳು ಹುಟ್ಟದಂತೆಯೇ ತಡೆಯುತ್ತಾನೆ.

ಎರಡನೆಯದು ಇನ್ನೂ ಕಠಿಣವಾದುದು. ಉಳಿಯಲಾರದೆಂದು ಕಂಡಾಗ, ನೋವು ಮುಗಿಸುವ ಚುಚ್ಚುಮದ್ದು ಕೊಡಿಸೋಣವೇ ಎಂದು ಕೇಳಿದರೆ ಏನು ಹೇಳುವುದು? ಕೆಲವರು ಸಲ್ಲೇಖನವನ್ನು ಇದಕ್ಕೆ ಹೋಲಿಸುತ್ತಾರೆ. ಆ ಹೋಲಿಕೆ ಸಲ್ಲದು. ಸಲ್ಲೇಖನವು ತಾನಾಗಿ, ತಿಳಿದು, ಗುರುಸಾಕ್ಷಿಯಾಗಿ ಸ್ವೀಕರಿಸುವ ವ್ರತ; ಮತ್ತೊಬ್ಬರ ಮೇಲೆ ಹೇರುವಂಥದಲ್ಲ. ನಮ್ಮ ಪರಂಪರೆಯ ಒಲವು ಕೊನೆಯುಸಿರಿನವರೆಗೂ ಸೇವೆ ಮಾಡುವ ಕಡೆಗಿದೆ. ಹಾಗೆಂದು ‘ಕೊಲ್ಲಿಸುವುದಿಲ್ಲ’ ಎಂದಷ್ಟೇ ಹೇಳಿ, ನರಳುವ ಪ್ರಾಣಿಯನ್ನು ಮೂಲೆಗೆ ತಳ್ಳಿ ಬಾಗಿಲು ಹಾಕಿಕೊಂಡರೆ ಅದು ಅಹಿಂಸೆಯಾಗದು. ನೋವು ತಗ್ಗಿಸುವ ಔಷಧಗಳಿವೆ. ಅವನ್ನು ವೈದ್ಯರಿಂದ ಕೇಳಿ ಪಡೆಯಬೇಕು. ನೆರಳು, ನೀರು, ಮೆತ್ತಗಿನ ಹಾಸು, ಪರಿಚಿತವಾದ ಕೈ ಇವನ್ನು ಒದಗಿಸಬೇಕು. ಮಂತ್ರ ಬರಬೇಕಾದುದು ಇವೆಲ್ಲವುಗಳ ಜೊತೆಗೆ.

ಇಂದೇ ಮಾಡಬಹುದಾದುದು

ಸಂವಿಧಾನದ 51ಎ ವಿಧಿಯು ಜೀವಿಗಳ ಬಗೆಗಿನ ಅನುಕಂಪವನ್ನು ಪ್ರತಿ ಪ್ರಜೆಯ ಮೂಲಭೂತ ಕರ್ತವ್ಯಗಳಲ್ಲಿ ಸೇರಿಸಿದೆ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಮೂರನೆಯ ಕಲಮು, ಪ್ರಾಣಿಯನ್ನು ಸಾಕಿದವನೇ ಅದರ ಯೋಗಕ್ಷೇಮ ನೋಡಬೇಕೆನ್ನುತ್ತದೆ. ಶಾಸ್ತ್ರ ಮತ್ತು ಕಾಯಿದೆ ಎರಡೂ ಒಂದೇ ಮಾತನ್ನು ಹೇಳುವಾಗ ಉಳಿಯುವುದು ಕೆಲಸವೊಂದೇ.

ಮೊದಲನೆಯದು, ಸಂಖ್ಯೆಗಳು. ಪಶುಸಂಗೋಪನಾ ಇಲಾಖೆಯ ಸಹಾಯವಾಣಿ 1962. ಕರೆ ಮಾಡಿದರೆ ಸಂಚಾರಿ ಪಶುಚಿಕಿತ್ಸಾ ವಾಹನದ ನೆರವು ಕೇಳಬಹುದು. ಅದು ನಿಮ್ಮ ಊರಿಗೆ ಯಾವ ವೇಳೆಯಲ್ಲಿ ಬರುತ್ತದೆ, ನಾಯಿಗಳನ್ನು ನೋಡುತ್ತಾರೆಯೇ ಎಂಬುದನ್ನು ಬೇನೆ ಬರುವ ಮೊದಲೇ ಕೇಳಿ ತಿಳಿಯಿರಿ. ಹತ್ತಿರದ ಪಶುವೈದ್ಯರು, ಜಿಲ್ಲಾ ಕೇಂದ್ರದ ಖಾಸಗಿ ಚಿಕಿತ್ಸಾಲಯಗಳು, ರಾತ್ರಿ ಬರಲು ಒಪ್ಪುವ ಒಬ್ಬಿಬ್ಬರು ಗಾಡಿಯವರು, ಇವರ ಸಂಖ್ಯೆಗಳನ್ನು ಬಸದಿಯ ಗೋಡೆಯ ಮೇಲೆ, ಹಾಲಿನ ಡೇರಿಯ ಬಾಗಿಲಲ್ಲಿ ಬರೆದಿಡಬಹುದು. ವೈದ್ಯರು ವರ್ಗವಾದಾಗ ಅದನ್ನು ತಿದ್ದುವ ಹೊಣೆಯನ್ನು ಒಬ್ಬರಿಗೆ ವಹಿಸಬೇಕು.

ಎರಡನೆಯದು, ಲಸಿಕೆ. ಮೂರು ತಿಂಗಳು ತುಂಬಿದ ಮರಿಗೆ ರೇಬೀಸ್ ಲಸಿಕೆ, ಆಮೇಲೆ ವೈದ್ಯರು ಹೇಳಿದಂತೆ ವರ್ಷವರ್ಷವೂ. ಪಾರ್ವೋ ಮತ್ತು ಡಿಸ್ಟೆಂಪರ್ ರೋಗಗಳ ಲಸಿಕೆಯನ್ನು ಆರರಿಂದ ಎಂಟು ವಾರಗಳ ವಯಸ್ಸಿನಿಂದಲೇ ಆರಂಭಿಸುತ್ತಾರೆ. ಪ್ರತಿ ವರ್ಷ ಸೆಪ್ಟೆಂಬರ್ 28ರಂದು ವಿಶ್ವ ರೇಬೀಸ್ ದಿನ. ಅದು ದಶಲಕ್ಷಣ ಪರ್ವ ಮುಗಿಯುವ ದಿನಗಳ ಆಸುಪಾಸಿನಲ್ಲೇ ಬರುವುದರಿಂದ, ಓಣಿಯ ನಾಯಿಗಳಿಗೆಲ್ಲ ಲಸಿಕೆ ಹಾಕಿಸುವ ಸಂಕಲ್ಪವನ್ನು ಕ್ಷಮಾವಣಿಯಂದು ಮಾಡಬಹುದು.

ಮೂರನೆಯದು, ಪ್ರಥಮ ಚಿಕಿತ್ಸೆಯ ತಿಳಿವಳಿಕೆ. ವಿಷ ತಿಂದ ನಾಯಿಗೆ ಹಾಲು, ತುಪ್ಪ, ಉಪ್ಪುನೀರು ಕುಡಿಸಬಾರದು. ಔಷಧಿಯ ಡಬ್ಬಿಯನ್ನೋ ಚೀಟಿಯನ್ನೋ ವೈದ್ಯರಿಗೆ ತೋರಿಸಲು ಒಯ್ಯಬೇಕು. ಹಾವು ಕಚ್ಚಿದರೆ ಗಾಯವನ್ನು ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಸಲ್ಲ. ನಡೆಸದೆ ಎತ್ತಿಕೊಂಡು ಹೋಗಬೇಕು. ಬಿಸಿಲಿನ ಝಳಕ್ಕೆ ಸಿಕ್ಕಿ ಏದುಸಿರು ಬಿಡುವ ನಾಯಿಯನ್ನು ನೆರಳಿಗೆ ತಂದು ಮೈಗೆ ನೀರು ಹಾಕಿ ಗಾಳಿ ಬೀಸಬೇಕು. ಮನುಷ್ಯರ ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಗುಳಿಗೆಗಳು ನಾಯಿಗೆ ಅಪಾಯಕಾರಿ. ಪೆಟ್ಟಾದ ನಾಯಿ ನೋವಿನಿಂದ ಸಾಕಿದವರನ್ನೂ ಕಚ್ಚೀತು. ಕಂಬಳಿಯಲ್ಲೋ ಗೋಣಿಚೀಲದಲ್ಲೋ ಸುತ್ತಿ ಎತ್ತಬೇಕು. ಹುಚ್ಚಿನ ಶಂಕೆಯಿದ್ದರೆ ಮುಟ್ಟದೆ ವೈದ್ಯರಿಗೆ ತಿಳಿಸಬೇಕು. ಯಾವುದೇ ನಾಯಿ ಕಚ್ಚಿದರೂ ಗಾಯವನ್ನು ಹದಿನೈದು ನಿಮಿಷ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಜೀವದಯೆಯ ಲೆಕ್ಕದಲ್ಲಿ ನಮ್ಮ ಜೀವವೂ ಸೇರಿದೆ.

ನಾಲ್ಕನೆಯದು, ಹಣ. ಬಾಡಿಗೆ ಗಾಡಿ, ಚುಚ್ಚುಮದ್ದು, ಸಲೈನ್ ಇವುಗಳ ವೆಚ್ಚ ಕುರಿಗಾರನಿಗೆ, ಕೂಲಿಕಾರನಿಗೆ ಭಾರವೇ. ಎಷ್ಟೋ ನಾಯಿಗಳು ದಯೆಯ ಕೊರತೆಗಿಂತ ಈ ಕೊರತೆಯಿಂದಲೇ ಸಾಯುತ್ತವೆ. ಮಹಾವೀರ ಜಯಂತಿಯ ಅಭಿಷೇಕಕ್ಕೆ, ಪಂಚಕಲ್ಯಾಣಕ್ಕೆ ಸವಾಲಿನಲ್ಲಿ ಹಣ ಕೂಡಿಸುವ ಸಮಾಜಕ್ಕೆ ಔಷಧದಾನದ ಒಂದು ಚಿಕ್ಕ ನಿಧಿಯನ್ನು ಕಟ್ಟುವುದು ಕಠಿಣವಲ್ಲ. ಅದನ್ನು ಜೈನರ ನಾಯಿಗೆ, ಜೈನೇತರರ ನಾಯಿಗೆ ಎಂದು ಭೇದ ಮಾಡದೆ ಬಳಸಬೇಕು. ರಾತ್ರಿಯಲ್ಲಿ ಎದ್ದು ಬರುವ ವೈದ್ಯರಿಗೂ ಗಾಡಿಯವರಿಗೂ ಸಲ್ಲಬೇಕಾದುದನ್ನು ಕೊಟ್ಟು ಕೃತಜ್ಞತೆ ಹೇಳುವುದೂ ಈ ದಾನದ ಭಾಗವೇ.

ಪ್ರತಿಕ್ರಮಣದಲ್ಲಿ ನಾವು ಎಲ್ಲ ಜೀವಗಳಿಂದ ಕ್ಷಮೆ ಬೇಡುತ್ತೇವೆ. ಮನುಷ್ಯರಾದರೆ ಕ್ಷಮಿಸಿದೆವೆಂದು ಬಾಯಿ ತೆರೆದು ಹೇಳಬಲ್ಲರು. ಅಂಗಳದಲ್ಲಿ ಮಲಗಿರುವ ನಾಯಿಗೆ ಆ ಮಾತಿಲ್ಲ. ಬೇನೆ ಬಂದಾಗ ಅದು ನಮ್ಮ ಬಾಗಿಲಿಗೆ ಬಂದು ನಿಲ್ಲಬಲ್ಲದು, ಅಷ್ಟೇ. ಅದು ಬರುವ ಮೊದಲೇ ಬಾಗಿಲ ಹಿಂದೆ ಒಂದು ಸಂಖ್ಯೆ, ಒಂದು ಗಾಡಿ, ಒಂದಿಷ್ಟು ಹಣ ಸಿದ್ಧವಾಗಿದ್ದರೆ ನಮ್ಮ ಅಹಿಂಸಾಣುವ್ರತವು ಆ ಮೂಕಜೀವಕ್ಕೂ ತಿಳಿಯುವ ಭಾಷೆಯಲ್ಲಿ ನಡೆದಂತಾಗುತ್ತದೆ.